ರಾಹುಕಾಲದ ಅಟ್ಯಾಚ್‌ಮೆಂಟ್

ಜಯನಗರದ ನಮ್ಮ ದೊಡ್ಡಮ್ಮನಿಗೆ ಒಂಟಿಕೊಪ್ಪಲ್ ಪಂಚಾಂಗವನ್ನೇ ನ್ಯೂಜೆರ್ಸಿಯ ಮಗನಿಗೆ ಈಮೇಲ್ ಮಾಡಿಸುವ ಹಠ. ಆಗದ ಮಾತೇನಲ್ಲ. 1998ರಲ್ಲೇ ಗೊತ್ತುಮಾಡಿದ ಐಕ್ಯಾಲೆಂಡರ್ ಪದ್ಧತಿಯಂತೆ ಒಂದೇ ಐಸಿಎಸ್ ಫೈಲಿಗೆ ವರ್ಷದ ಹಬ್ಬವೆಲ್ಲ ತುರುಕಬಹುದು. ಬನಶಂಕರಿಯಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುವ ಶುಕ್ರವಾರದ ರಾಹುಕಾಲ ಸಲೀಸು. ‘ವಾರಕ್ಕೊಮ್ಮೆ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಏಕಾದಶಿ ಮಾತ್ರ ಚಂದ್ರನನ್ನು ಬಿಟ್ಟು ಯಾರ ಮಾತೂ ಕೇಳದು, ಒಂದೊಂದನ್ನೂ ಬೇರೆಯಾಗಿ ಬರೆಯಬೇಕು. ಮಗ ಫೋನಿನಲ್ಲಿ ತಡಕಾಡಿದ. ಗೂಗಲ್ ಕ್ಯಾಲೆಂಡರಿಗೆ ಫೈಲು ಏರಿಸಲು ಕಂಪ್ಯೂಟರೇ ಬೇಕು. ಅಂತೂ ಏರಿಸಿದ. ಬೇಸಿಗೆ ಕಾಲ, ನಮ್ಮ ಬೆಳಗಿನ ಹತ್ತೂವರೆಯ ರಾಹುಕಾಲ ಅಲ್ಲಿ ನಡುರಾತ್ರಿ ಒಂದು ಗಂಟೆಗೆ ಟಿಂಗ್ ಎಂದಿತು. ಬೆಚ್ಚಿಬಿದ್ದವನು ಆಗಲೇ ಅಮ್ಮನಿಗೆ ಫೋನ್ ಹಚ್ಚಿದರೆ, “ಈಗ ರಾಹುಕಾಲ ಕಣೋ, ಹನ್ನೆರಡರ ಮೇಲೆ ಮಾಡು” ಅಂದರಂತೆ.