ಕಿಕ್‌ಆಫ್ ಆಯ್ತು, ಸೀಟಿ ಯಾವಾಗ?

ಈಗೀಗ ಯಾವ ಕಾಮಗಾರಿಯೂ ಸುಮ್ಮನೆ ಶುರುವಾಗುವುದಿಲ್ಲ, ‘ಕಿಕ್‌ಆಫ್’ ಆಗುತ್ತದೆ. ಫುಟ್‌ಬಾಲ್ ಮೈದಾನದ ಮೊದಲ ಒದೆತಕ್ಕಿದ್ದ ಹೆಸರು ಆಫೀಸಿನ ಮೀಟಿಂಗುಗಳನ್ನು ದಾಟಿ ಭೂಮಿಪೂಜೆಯ ಪೆಂಡಾಲಿಗೂ ಬಂದು ಕೂತಿದೆ. ಆದರೆ ಮೈದಾನದಲ್ಲಿ 90 ನಿಮಿಷ ಆಡಿದ ಮೇಲೆ ರೆಫರಿ ಸೀಟಿ ಊದುತ್ತಾನೆ, ಆಟ ಮುಗಿಯುತ್ತದೆ. ನಾವು ಒದೆತವನ್ನಷ್ಟೇ ಆಮದು ಮಾಡಿಕೊಂಡೆವು. ಸೀಟಿಯನ್ನು ಕಸ್ಟಮ್ಸಿನವರು ಹಿಡಿದಿಟ್ಟಿರಬೇಕು.

ಕೊಪ್ಪಳವನ್ನೇ ನೋಡಿ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಮುನಿರಾಬಾದ್–ಮೆಹಬೂಬನಗರ ರೈಲು ಮಾರ್ಗ ಮಂಜೂರಾದದ್ದೂ 1997–98ರಲ್ಲೇ. ಮುನಿರಾಬಾದಿನಿಂದ ಗಂಗಾವತಿಗೆ ಭತ್ತದ ಲಾರಿಯವನು ದಾರಿಯಲ್ಲಿ ಚಹಾಕ್ಕೂ ನಿಲ್ಲದೆ ಮುಟ್ಟುತ್ತಾನೆ. ರೈಲು ಮುಟ್ಟಿದ್ದು 2019ರಲ್ಲಿ. ಜಿಲ್ಲೆಯ ಜೊತೆಗೇ ಹುಟ್ಟಿದ ಕೂಸು ಅಷ್ಟರಲ್ಲಿ ಡಿಗ್ರಿ ಮುಗಿಸಿ, ಬಸ್ಸು ಹತ್ತಿ ಬೆಂಗಳೂರು ಸೇರಿತ್ತು.

ಗದಗ–ವಾಡಿ ಮಾರ್ಗ ಮಂಜೂರಾದದ್ದು 2013–14ರಲ್ಲಿ. ಯಲಬುರ್ಗಾ ದಾಟಿ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ವಾಡಿ ಇನ್ನೂ ಬಹಳ ಮುಂದಿದೆ. ಚಿಂತೆಯಿಲ್ಲ, ಅಲ್ಲಿಯವರೆಗೆ ಸ್ಟೇಷನ್ನಿಗೊಂದು ಹಸಿರು ನಿಶಾನೆ ಬೀಸಬಹುದು. ಒಂದೇ ಕೆಲಸವನ್ನು ಇಷ್ಟು ಸಲ ಶುರು ಮಾಡುವ ಭಾಗ್ಯ ಎಲ್ಲರಿಗೂ ಸಿಕ್ಕುವುದಿಲ್ಲ.

ನೀರಿನದೂ ಇದೇ ಹಾಡು. ಕುಷ್ಟಗಿ, ಯಲಬುರ್ಗಾದ ಹೊಲಗಳಿಗೆ ಕೃಷ್ಣೆ ಬರುತ್ತಾಳೆಂದು ಎಲ್ಲ ಬಣ್ಣದ ಶಾಲಿನವರೂ ಭಾಷಣ ಮಾಡಿದ್ದಾರೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ತೀರ್ಪು ಕೊಟ್ಟಿತು. ತೀರ್ಪು ಗೆಜೆಟ್ಟಿಗೆ ಇಳಿಯದೆ ಕೂತಿತು. ಹೊಲಕ್ಕೆ ಹರಿದದ್ದು ಭಾಷಣ, ಅದೂ ಏತವಿಲ್ಲದೆ.

ಹಾಗೆಂದು ಅಡಿಗಲ್ಲನ್ನೇ ಬೈಯುವಂತಿಲ್ಲ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಒಂದಲ್ಲ, ಎರಡು ಅಡಿಗಲ್ಲು ಬಿದ್ದವು: ಮುನಿರಾಬಾದಿನ ಕಡೆ ನಿಜಾಮರ ಮಗ, ಹೊಸಪೇಟೆಯ ಕಡೆ ಮದ್ರಾಸಿನ ಗವರ್ನರ್. ಮುಂದೆ ನಿಜಾಮರ ಆಳ್ವಿಕೆಯೂ ಹೋಯಿತು, ಬ್ರಿಟಿಷರೂ ಹೋದರು. ಆದರೂ 1953ರಲ್ಲಿ ಕಾಲುವೆಗೆ ನೀರು ಬಂತು. ಆಗ ಕಲ್ಲಿಟ್ಟವರು ಹೋದರೂ ಕೆಲಸ ಉಳಿಯಿತು. ಈಗ ಕೆಲಸ ಹೋದರೂ ಕಲ್ಲಿಟ್ಟವರು ಉಳಿಯುತ್ತಾರೆ.

ಉಳಿಯದೆ ಏನು? ಶುರು ಮಾಡಿದವನಿಗೆ ಹಾರ, ಶಾಲು, ಪೇಪರಿನಲ್ಲಿ ಪುಟದಗಲ ಜಾಹೀರಾತು. ಮುಗಿಸಿದವನಿಗೆ ಲೆಕ್ಕದ ವಿಚಾರಣೆ. ಮೇಲಾಗಿ, ಮುಗಿದ ಕಾಲುವೆಯನ್ನು ಬರುವ ಚುನಾವಣೆಯಲ್ಲಿ ಮತ್ತೆ ಭರವಸೆಯಾಗಿ ಕೊಡಲು ಬರುವುದಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ: ಅಡಿಗಲ್ಲಿನ ಮೇಲೆ ಶುರುವಾದ ದಿನದ ಕೆಳಗೆ ಮುಗಿಸುವ ದಿನವನ್ನೂ ಕೆತ್ತಿಸಿ. ಇಳಕಲ್ಲಿನ ಗ್ರಾನೈಟು ಪಕ್ಕದಲ್ಲೇ ಸಿಗುತ್ತದೆ, ಖರ್ಚೂ ದೊಡ್ಡದಲ್ಲ. ಆದರೆ ಕಲ್ಲು ಕೆತ್ತುವವನು ಒಪ್ಪಲಿಕ್ಕಿಲ್ಲ. “ಜಾಗ ಎಲ್ಲೈತ್ರೀ ಸಾಹೇಬ್ರ? ಘನ ಉಪಸ್ಥಿತಿಯವರ ಹೆಸರಿಗೇ ಕಲ್ಲು ಸಾಲವಲ್ದು” ಅಂದಾನು.