ಆಸ್ತಿಕ-ನಾಸ್ತಿಕ ಪ್ರಮಾಣ ವಿಚಾರ, ಚಪ್ಪಲಿ ಪ್ರಕರಣ ಸಮೇತ

ದೇವರಿದ್ದಾನೆಂದು ತರ್ಕದಿಂದ ಸಾಧಿಸಲು ಉದಯನಾಚಾರ್ಯ 10ನೇ ಶತಮಾನದ ಕೊನೆಯ ಹೊತ್ತಿಗೆ ಐದು ಸ್ತಬಕಗಳ ‘ನ್ಯಾಯಕುಸುಮಾಂಜಲಿ’ಯನ್ನು ಬರೆದ. ಅದನ್ನೋದಿ ಆಸ್ತಿಕನಾದವನು ಊರಿಗೊಬ್ಬನೂ ಸಿಗುವುದಿಲ್ಲ. ಎ.ಎನ್. ಮೂರ್ತಿರಾಯರ ‘ದೇವರು’ ಓದಿ, ದೇವರ ಕೋಣೆಯನ್ನು ಇಸ್ತ್ರಿ ಮೇಜಿಗೆ ಬಿಟ್ಟುಕೊಟ್ಟವರೂ ವಿರಳ. ಜನ ನಂಬುವುದಕ್ಕೂ ನಂಬದಿರುವುದಕ್ಕೂ ಕಾರಣಗಳು ಬೇರೆಯೇ ಇವೆ. ಹಾಗೆಂದು ಅವು ಅಶಾಸ್ತ್ರೀಯವಲ್ಲ. ಭಾಟ್ಟ ಮೀಮಾಂಸಕರು ಒಪ್ಪುವ ಆರು ಪ್ರಮಾಣಗಳೂ ಅವುಗಳಲ್ಲಿ ಸಿಗುತ್ತವೆ.

ಮೊದಲನೆಯದು ಪ್ರತ್ಯಕ್ಷ. ಚಾರ್ವಾಕರು ಒಪ್ಪಿದ್ದು ಇದೊಂದನ್ನೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿ ಕೇಳಿದ್ದೂ ಇದನ್ನೇ. ಸಮಿತಿಗೆ ಸಿಗದ ಪ್ರತ್ಯಕ್ಷ ಆಗುಂಬೆ ಘಾಟಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಅಲ್ಲಿನ 14 ತಿರುವುಗಳ ಪೈಕಿ ಒಂದರಲ್ಲಿ ಮಿನಿ ಬಸ್ಸಿಗೆ ಇನ್ನೊಂದು ಗಾಡಿ ಎದುರಾದಾಗ ಮೊದಲು ಹೊರಡುವುದು ‘ಅಯ್ಯೋ ದೇವ್ರೇ’. ಇದು ಹೆಸರು, ರೂಪ, ಊರು ಒಂದೂ ಇಲ್ಲದ ನಿರ್ವಿಕಲ್ಪಕ ಜ್ಞಾನ. ಚಾಲಕ ಬ್ರೇಕ್ ಒತ್ತಿ ಬಸ್ಸನ್ನು ಹಿಂದಕ್ಕೆ ತೆಗೆಯುವಷ್ಟರಲ್ಲಿ ಅದು ಸವಿಕಲ್ಪಕವಾಗಿ, ಧರ್ಮಸ್ಥಳದ ಮಂಜುನಾಥನೋ ಶೃಂಗೇರಿಯ ಶಾರದೆಯೋ ಎಂಬುದು ಖಚಿತವಾಗುತ್ತದೆ. ಜೊತೆಗೆ ಹರಕೆಯ ಬಾಬ್ತೂ. ಈ ಜ್ಞಾನ ಘಾಟಿ ಇಳಿದಂತೆ ಇಳಿಯುತ್ತದೆ. ತಿರುವಿನಲ್ಲಿ ಬೆಳ್ಳಿಯ ಕಣ್ಣು, ಸೋಮೇಶ್ವರದಲ್ಲಿ ಹಣ್ಣುಕಾಯಿ, ಹೆಬ್ರಿಯಲ್ಲಿ ಚಹಾ ಕುಡಿದ ಮೇಲೆ ಕೂತಲ್ಲಿಂದಲೇ ಒಂದು ನಮಸ್ಕಾರ.

ಅನುಮಾನದ ವಿಷಯ ಚಿಕ್ಕದು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಶಾಸ್ತ್ರದ ಉದಾಹರಣೆ. ಮಗನಿಗೆ ಸೀಟು ಸಿಕ್ಕಿದ್ದು ಕಂಡು ದೇವರನ್ನು ಊಹಿಸುವುದು ಲೋಕದ ಉದಾಹರಣೆ. ಪಕ್ಕದ ಮನೆಯವರ ಮಗನಿಗೂ ಸಿಕ್ಕರೆ ವ್ಯಾಪ್ತಿ ಕೆಡುತ್ತದೆ. ಆಗ ಡೊನೇಶನ್ ಎಂಬ ಉಪಾಧಿಯನ್ನು ಎತ್ತಿ ತೋರಿಸಲಾಗುತ್ತದೆ. ಉಪಮಾನಕ್ಕೆ ‘ಡಾಕ್ಟ್ರು ದೇವರ ಹಾಗೆ’ ಎಂಬ ಮಾತೇ ಸಾಕು. ಇಬ್ಬರ ದರ್ಶನಕ್ಕೂ ಸರತಿ ಸಾಲಿದೆ, ಕಾಣಿಕೆ ಮೊದಲೇ ಕಟ್ಟಬೇಕು, ಬರೆದದ್ದನ್ನು ಓದಲು ಯಾರಿಗೂ ಬರುವುದಿಲ್ಲ. ಶಬ್ದವೆಂದರೆ ಆಪ್ತವಾಕ್ಯ. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಅಜ್ಜಿ ಹೇಳುವ ‘ಕೈಕಾಲು ತೊಳ್ಕೊಂಡ್ ಬಾರೋ’ ಎಂಬುದರ ಮೇಲೆ ಅಪೀಲು ಇಲ್ಲ.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ತಿಳಿಯತಕ್ಕದ್ದು, ಇದು ಅರ್ಥಾಪತ್ತಿ. ಹಗಲೆಲ್ಲ ವಿಚಾರವಾದದ ಭಾಷಣ ಮಾಡುವವನು ಮಗಳ ಪಿಯುಸಿ ಫಲಿತಾಂಶದ ಹಿಂದಿನ ದಿನವೂ ನಿಶ್ಚಿಂತೆಯಿಂದಿದ್ದರೆ, ಅವನ ಹೆಂಡತಿ ರಾತ್ರಿಯೇ ಇಬ್ಬರ ಪರವಾಗಿ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟಿದ್ದಾಳೆಂದೇ ತಿಳಿಯತಕ್ಕದ್ದು.

ನಾಸ್ತಿಕ ಪಕ್ಷದ ಬಲವೆಲ್ಲ ಇರುವುದು ಆರನೆಯದಾದ ಅನುಪಲಬ್ಧಿಯಲ್ಲಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎನ್ನುತ್ತದೆ ಶಾಸ್ತ್ರ. ದೇವಸ್ಥಾನದ ಮೆಟ್ಟಿಲ ಎಡಕ್ಕೆ, ಹೂವಿನವಳ ಬುಟ್ಟಿಯ ಪಕ್ಕದಲ್ಲಿ ಬಿಟ್ಟ ಹೊಸ ಚಪ್ಪಲಿ ಕಾಣದಿದ್ದರೆ ತೀರ್ಮಾನ ಅಷ್ಟಕ್ಕೇ ನಿಲ್ಲುವುದಿಲ್ಲ. ಹಣೆಯಲ್ಲಿ ಕುಂಕುಮ, ಅಂಗೈಯಲ್ಲಿ ಅಂಟು ಆರದ ಪಂಚಾಮೃತ, ಕಾಲಡಿಯಲ್ಲಿ ಮಧ್ಯಾಹ್ನದ ಕಲ್ಲುಚಪ್ಪಡಿ. ಒಂದೊಂದೇ ಕಾಲೆತ್ತಿ ಕುಣಿಯುತ್ತ ಭಕ್ತ, ಸ್ವಂತ ಬಾಗಿಲು ಕಾಯಲಾರದವನು ಮೂರು ಲೋಕವನ್ನು ಹೇಗೆ ಕಾಯುತ್ತಾನೆ ಎಂಬ ಪೂರ್ವಪಕ್ಷವನ್ನು ಯಾವ ಗುರುವಿನ ಸಹಾಯವೂ ಇಲ್ಲದೆ ಮುಟ್ಟುತ್ತಾನೆ. ‘ಶನಿ ಕಳೀತು ಅಂದ್ಕೊಳ್ಳಿ’ ಎಂಬುದು ಅರ್ಚಕರ ಸಿದ್ಧಾಂತ. ಕೊಂಡೊಯ್ದವನಿಗೆ ಅದೇ ಚಪ್ಪಲಿ ದೈವಕೃಪೆಗೆ ಸಾಕ್ಷಿ. ಹೀಗೆ ಒಂದೇ ಜೊತೆ ಎರಡೂ ದರ್ಶನಗಳಿಗೆ ಆಧಾರವಾಗಿರುವುದು ಗಮನಾರ್ಹ. ಅಳತೆ ಮಾತ್ರ ಸರಿಹೋಗಬೇಕು.

ಎರಡೂ ಕಡೆಗೆ ಸೇರದವರಿಗೂ ಪರಂಪರೆಯಿದೆ. ಪೂರ್ವಮೀಮಾಂಸಕರು ಜಗತ್ತಿಗೆ ಕರ್ತನೊಬ್ಬನಿದ್ದಾನೆಂದು ಒಪ್ಪಲಿಲ್ಲ, ಯಜ್ಞವನ್ನು ಬಿಡಲೂ ಇಲ್ಲ. ಗಣೇಶನನ್ನು ನಂಬದೆ ಅವನ ಕಡುಬನ್ನು ಮಾತ್ರ ಎರಡನೇ ಸಲ ಹಾಕಿಸಿಕೊಳ್ಳುವವರು ಈ ಶಾಖೆಯವರು.

ಸ್ವತಃ ಉದಯನ ಪುರಿಗೆ ಹೋದಾಗ ಗುಡಿಯ ಬಾಗಿಲು ಮುಚ್ಚಿತ್ತಂತೆ. ‘ಬೌದ್ಧರು ಬಂದರೆ ನೀನು ಉಳಿಯುವುದು ನನ್ನಿಂದ’ ಎಂದು ಆತ ಜಗನ್ನಾಥನಿಗೇ ದಬಾಯಿಸಿದನೆಂಬುದು ಐತಿಹ್ಯ. ಚಪ್ಪಲಿಯ ಪ್ರಸ್ತಾಪ ಅದರಲ್ಲಿಲ್ಲ.