ಮುಳ್ಳು ನಡುವೆಯೇ ಇತ್ತು

2006ರಲ್ಲಿ ಬಂದ ನನ್ನ ಫ್ಲೈಟ್ ಸಿಮ್ಯುಲೇಟರಿಗೆ ಬೆಂಗಳೂರು ಎಂದರೆ ಇವತ್ತಿಗೂ ಎಚ್‌ಎಎಲ್. 2008ರ ಮೇ ತಿಂಗಳಿಂದ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಇಳಿಯುತ್ತಿರುವ ಸುದ್ದಿಯೇ ಅದಕ್ಕೆ ಮುಟ್ಟಿಲ್ಲ. ಹಾಗಾಗಿ ಯಾರೋ ಪುಣ್ಯಾತ್ಮ ತಯಾರಿಸಿ ಪುಕ್ಕಟೆ ಹಂಚಿದ್ದ ದೇವನಹಳ್ಳಿಯನ್ನು ಡೌನ್‌ಲೋಡ್ ಮಾಡಿಕೊಂಡು, ಮಂಜು ಕವಿದ ಜನವರಿಯ ಬೆಳಗೊಂದನ್ನು ಆರಿಸಿಕೊಂಡು, ಪಶ್ಚಿಮದಿಂದ ಬಂದೆ. ಕಣ್ಣಿಗೆ ಕಾಣುವ ರನ್‌ವೇಗೆ ಯಾರು ಬೇಕಾದರೂ ಇಳಿಸುತ್ತಾರೆ. ನನ್ನಂಥವರಿಗೆ ಮಂಜಿನಲ್ಲೂ ರೇಡಿಯೊ ಸಂಕೇತದಿಂದ ದಾರಿ ತೋರಿಸುವ ಐಎಲ್‌ಎಸ್ ಬೇಕು.

ರನ್‌ವೇಯ ಆಚೆ ತುದಿಯಲ್ಲಿ ನಿಂತ ಅದರ ಲೋಕಲೈಜರ್ ಆಂಟೆನಾ, ಬರುವವನ ಎಡಕ್ಕೆ 90 ಹರ್ಟ್ಸ್, ಬಲಕ್ಕೆ 150 ಹರ್ಟ್ಸ್ ಜೋರಾಗಿ ಬೀರುತ್ತದೆ. ಎರಡೂ ಸಮವಾದರೆ ಕಾಕ್‌ಪಿಟ್ಟಿನ ಮುಳ್ಳು ನಡುವೆ. ಗ್ಲೈಡ್‌ಸ್ಲೋಪ್ ಎಂಬ ಇನ್ನೊಂದು ಸಂಕೇತ, ತನ್ನದೇ ಮುಳ್ಳಿನಿಂದ, ಮೂರು ಡಿಗ್ರಿಯ ಇಳಿಜಾರು ಹಿಡಿಸುತ್ತದೆ. ಅವತ್ತು ಎರಡೂ ಮುಳ್ಳುಗಳು ಕೂಡಿಸುವ ಚಿಹ್ನೆಯ ಹಾಗೆ ನಿಂತವು. ಸಾವಿರ ಅಡಿ. ಕಾಲಿನ ಮೇಲೆ ಕಾಲು ಹಾಕಿದೆ. ಐನೂರು. ಗಂಟಲು ಸರಿಮಾಡಿಕೊಂಡು, ‘ಪ್ರಯಾಣಿಕರೇ, ಇನ್ನು ಕೆಲವೇ ಕ್ಷಣಗಳಲ್ಲಿ...’ ಎಂದು ಖಾಲಿ ಕೋಣೆಗೆ ಪ್ರಕಟಿಸಿದೆ. ಇನ್ನೂರು. ಮಂಜು ಹರಿಯಿತು. ದೀಪಗಳನ್ನೆಲ್ಲ ಹೊತ್ತಿಸಿಕೊಂಡ ರನ್‌ವೇ ಬಲಗಡೆ ತನ್ನ ಪಾಡಿಗೆ ತಾನು ಮಲಗಿತ್ತು. ನನ್ನ ಮುಂದೆ ಹುಲ್ಲು. ಮುಳ್ಳು ನೋಡಿದೆ: ನಡುವೆ. ಹುಲ್ಲು ನೋಡಿದೆ: ಹಸಿರು. ಮುಳ್ಳಿನ ಮಾತೇ ಕೇಳಿದೆ. ಮೂಗು ಚೂರೇ ಎತ್ತಿ, ಹಿಂದಿನ ಚಕ್ರ ಮೊದಲು ತಾಗಿಸಿ, ಏರ್‌ಬಸ್ಸನ್ನು ಹುಲ್ಲಿನ ಮೇಲೆ ಅದೆಷ್ಟು ನಯವಾಗಿ ಇಳಿಸಿದೆನೆಂದರೆ, ಡಾಂಬರಿನ ಮೇಲೆ ಅಂಥದ್ದು ನನಗೆ ಯಾವತ್ತೂ ಒದಗಿಲ್ಲ. ಇಂಡಿಕೇಟರ್ ಇದ್ದಿದ್ದರೆ ಅದನ್ನೂ ಹಾಕಿ ಪಕ್ಕಕ್ಕೆ ನಿಲ್ಲಿಸುತ್ತಿದ್ದೆ.

ಕಾಫಿ ತಂದ ಅತ್ತೆ ಪರದೆ ನೋಡಿದರು.

‘ಅಳಿಯಂದ್ರೇ, ರಸ್ತೆ ಆ ಕಡೆ ಇದೆ. ಹೊಲಕ್ಕೆ ಯಾಕೆ ಇಳಿಸಿದ್ರಿ?’

‘ಮುಳ್ಳು ನೋಡಿ ಅತ್ತೆ, ನಡುವೆಯೇ ಇದೆ.’

‘ಅದು ಸರಿ. ಜನ ಲಗೇಜು ಹೊತ್ಕೊಂಡು ಕೆಸರಲ್ಲಿ ನಡೀಬೇಕಾ?’

ತಪಾಸಣೆ ಶುರುವಾಯಿತು. ಫ್ರೀಕ್ವೆನ್ಸಿ ಸರಿ. ಕೋರ್ಸ್ ಸರಿ. ಸ್ವಿಚ್ಚು ಜಿಪಿಎಸ್‌ನಲ್ಲಿಲ್ಲ, ನ್ಯಾವ್‌ನಲ್ಲೇ ಇದೆ. ಕಂಪ್ಯೂಟರ್ ಬಲ್ಲ ಗೆಳೆಯರು ‘ಫಾರ್ಮ್ಯಾಟ್ ಹೊಡೀರಿ’ ಎಂದರು. ಇವರು ನೆಗಡಿಗೂ ಅದನ್ನೇ ಹೇಳುವವರು. ಕೊನೆಗೆ ಫೈಲು ಬಿಚ್ಚಿದರೆ, ನಿಜವಾದ ಉತ್ತರದಿಂದ ಅಳೆಯಬೇಕಿದ್ದ ಲೋಕಲೈಜರ್ ದಿಕ್ಕನ್ನು ನಮ್ಮ ಪುಣ್ಯಾತ್ಮ ದಿಕ್ಸೂಚಿಯ ಉತ್ತರದಿಂದ ಅಳೆದು ಬರೆದಿದ್ದ. ಬೆಂಗಳೂರಿನಲ್ಲಿ ಇವೆರಡಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಂದು, ಒಂದೂವರೆ ಡಿಗ್ರಿ. ಆದರೆ 4,000 ಮೀಟರ್ ರನ್‌ವೇಯ ಆ ತುದಿಯಲ್ಲಿ ಒಂದು ಡಿಗ್ರಿ ಹೊರಳಿದರೆ ಈ ತುದಿಯಲ್ಲಿ ಸುಮಾರು 70 ಮೀಟರ್ ಪಕ್ಕಕ್ಕೆ. ರನ್‌ವೇಯ ಅಗಲವೇ 45.

ಈ ಲೆಕ್ಕ ಹಾಕುವಾಗ ಮಂಗಳೂರಿನ ಬಜ್ಪೆಯ ವಿಮಾನ ದುರಂತ ನೆನಪಾಯಿತು. 2010ರ ಮೇ 22. ವಿಮಾನ ಗ್ಲೈಡ್‌ಸ್ಲೋಪಿಗಿಂತ ತೀರಾ ಮೇಲಿತ್ತು. ‘ಗೋ ಅರೌಂಡ್’ (ಇಳಿಸದೆ ಮತ್ತೆ ಮೇಲೇರು) ಎಂದು ಸಹಪೈಲಟ್ ಹೇಳಿಯೂ ಇದ್ದರು. 158 ಜನ ಮನೆ ಸೇರಲಿಲ್ಲ. ನಾನು ಎಸ್ಕೇಪ್ ಒತ್ತಿ ಕಾಫಿ ಕುಡಿಯುವವನು. ಸ್ವಲ್ಪ ಹೊತ್ತು ಕೀಬೋರ್ಡ್ ಮುಟ್ಟಲು ಮನಸ್ಸಾಗಲಿಲ್ಲ.

ಫೈಲಿನಲ್ಲಿ ಒಂದು ಅಂಕಿ ತಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ನಯವಾಗಿ ಇಳಿಸಿಕೊಟ್ಟ ಮುಳ್ಳಿಗೆ ‘ತಪ್ಪು ನಿನ್ನದು’ ಎನ್ನಲು ಬಾಯಿ ಬರಲಿಲ್ಲ. ರನ್‌ವೇಯನ್ನೇ ತಿರುಗಿಸಿದೆ. ಈಗ ಟ್ಯಾಕ್ಸಿವೇ ಅದಕ್ಕೆ ಕೂಡುತ್ತಿಲ್ಲ; ಅದನ್ನು ತಿರುಗಿಸುತ್ತಿದ್ದೇನೆ. ಆಮೇಲೆ ಟರ್ಮಿನಲ್ಲು. ಬಳ್ಳಾರಿ ರಸ್ತೆಗೆ ಇನ್ನೂ ಕೈ ಹಾಕಿಲ್ಲ.